ಸ್ತುತಿ ತಡೆಯೋಕೇ ಆಗಲ್ಲ ಅಂತಾರೆ, ಹಾಗಾದ್ರೆ ಆ ಒಂಬತ್ತು ಮಂದಿ ಹೇಗೆ ತಡೆದುಕೊಂಡರು?

ಸಂಜೆ ಓದುಗ:
ಎಲ್ಲರಿಗೂ ವಂದನೆ. "ನಿಜವಾದ ವಿಶ್ವಾಸ ಇರುವವನಿಗೆ ದೇವರನ್ನು ಸ್ತುತಿಸದೆ ಇರೋಕೆ ಆಗೋದೇ ಇಲ್ಲ" ಅನ್ನೋ ಮಾತನ್ನು ಪ್ರಸಂಗಗಳಲ್ಲಿ ಮತ್ತೆ ಮತ್ತೆ ಕೇಳ್ತೀವಿ. ಆಧಾರಕ್ಕೇನೂ ಕೊರತೆ ಇಲ್ಲ. ಶಿಷ್ಯರ ಬಾಯಿ ಮುಚ್ಚಿಸು ಅಂದ ಫರಿಸಾಯರಿಗೆ ಯೇಸು, ಇವರು ಸುಮ್ಮನಾದರೆ ಈ ಕಲ್ಲುಗಳೇ ಕೂಗುವವು ಅಂದನು (ಲೂಕ 19:40). ಪೇತ್ರ ಯೋಹಾನರು ಹಿರೀಸಭೆಯ ಎದುರು ನಿಂತು, ಕಂಡು ಕೇಳಿದ್ದನ್ನು ಹೇಳದೆ ಇರಲಾರೆವು ಅಂದರು (ಅಪೊಸ್ತಲರ ಕೃತ್ಯಗಳು 4:20). ಯೆರೆಮೀಯನಂತೂ ಇನ್ನು ಆತನ ಹೆಸರೇ ಎತ್ತಲ್ಲ ಅಂತ ಗಟ್ಟಿ ಮನಸ್ಸು ಮಾಡಿದ. ಎಲುಬಿನೊಳಗೆ ಬೆಂಕಿ ಮುಚ್ಚಿಟ್ಟ ಹಾಗಾಗಿ, ತಡೆದು ತಡೆದು ಸೋತ (20:9).

ಆದರೆ ನನಗೆ ಎರಡು ಕಡೆ ತೊಡಕಾಗ್ತಿದೆ. ತಡೆಯಲಾಗದ್ದಾದರೆ ಆಜ್ಞೆ ಯಾಕೆ? ಕೀರ್ತನೆ 150 ತೆಗೆದು ನೋಡಿ, ಇರೋದೇ ಆರು ವಚನ, ಒಂದೊಂದರಲ್ಲೂ ಸ್ತುತಿಸಿರಿ, ಸ್ತುತಿಸಿರಿ. ತಾನಾಗಿ ಉಕ್ಕುವುದಕ್ಕೆ ಯಾರಾದರೂ ಅಪ್ಪಣೆ ಕೊಡ್ತಾರಾ? ಇನ್ನೊಂದು, ಲೂಕ 17ರ ಹತ್ತು ಮಂದಿ ಕುಷ್ಠರೋಗಿಗಳು. ವಾಸಿಯಾಗಿದ್ದು ಹತ್ತೂ ಜನ. ಮಹಾಶಬ್ದದಿಂದ ದೇವರನ್ನು ಕೊಂಡಾಡುತ್ತಾ ತಿರುಗಿ ಬಂದಿದ್ದು ಒಬ್ಬ. ಮಿಕ್ಕ ಒಂಬತ್ತು ಮಂದಿ ಚೆನ್ನಾಗಿಯೇ ತಡೆದುಕೊಂಡರಲ್ಲ! ನೀವೇನಂತೀರಿ?

ಕೀಬೋರ್ಡ್ ಮೂಲೆ:
ಬ್ರದರ್, ಆರಾಧನೆಯಲ್ಲಿ ಹಾಡು ನಡೆಸುವವರ ಜಾಗದಲ್ಲಿ ನಿಂತು ಒಂದ್ಸಲ ನೋಡಿ, ಆಜ್ಞೆ ಯಾಕೆ ಅಂತ ಗೊತ್ತಾಗುತ್ತೆ. ಯಾರೂ ಉಕ್ಕಿಕೊಂಡು ಒಳಗೆ ಬರಲ್ಲ. ಮೊದಲ ಹಾಡಿಗೆ ಅರ್ಧ ಜನ ಕೈಕಟ್ಟಿ ನಿಂತಿರ್ತಾರೆ. ಒಬ್ಬರು ಫೋನ್ ಸೈಲೆಂಟ್ ಮಾಡ್ತಾ ಇರ್ತಾರೆ, ಇನ್ನೊಬ್ಬರು ಮಗುವಿನ ಚಪ್ಪಲಿ ಹುಡುಕ್ತಾ ಇರ್ತಾರೆ. ಎರಡನೇ ಹಾಡಿಗೆ ತುಟಿ ಅಲ್ಲಾಡುತ್ತೆ. ಮೂರನೇದರ ಪಲ್ಲವಿಗೆ ಬಂದಾಗ ನಾನು ಕೀಬೋರ್ಡ್ ಪೂರ್ತಿ ನಿಲ್ಲಿಸಿಬಿಟ್ಟರೂ ಹಾಡು ನಿಲ್ಲಲ್ಲ. ಆ ಹಂತಕ್ಕೆ ತಲುಪಿಸೋಕೆ "ಕೈ ಎತ್ತಿ, ಇನ್ನೂ ಜೋರಾಗಿ" ಅಂತ ಹುರಿದುಂಬಿಸಲೇಬೇಕು.

ಪ್ರಶ್ನೆ ಚಿಹ್ನೆ:
ಬೇಜಾರು ಮಾಡ್ಕೋಬೇಡಿ, ನಾನು ಸಭೆಗೆ ಹೋಗೋದು ಬಿಡೋಕೆ ಈ "ಇನ್ನೂ ಜೋರಾಗಿ"ನೂ ಒಂದು ಕಾರಣ. ಡ್ರಮ್ಸ್ ವೇಗ ಏರಿಸಿ, ದೀಪ ಮಂದ ಮಾಡಿ, ಒಂದೇ ಸಾಲನ್ನು ಹದಿನೈದು ಸಲ ಹಾಡಿಸಿದರೆ ಯಾರ ಕೈಯಾದರೂ ಮೇಲೇಳುತ್ತೆ. ಅದಕ್ಕೆ ಪವಿತ್ರಾತ್ಮನೇ ಇಳಿದು ಬರಬೇಕಾಗಿಲ್ಲ, ಒಳ್ಳೆ ಸೌಂಡ್ ಸಿಸ್ಟಮ್ ಸಾಕು. ತಾನಾಗಿ ಬಂದದ್ದು ಯಾವುದು, ಬರಿಸಿದ್ದು ಯಾವುದು ಅಂತ ಹೇಗೆ ಗುರುತು ಹಿಡೀತೀರಿ?

ಇತಿಹಾಸದ ಹುಳ:
ಪ್ರಶ್ನೆ ಚಿಹ್ನೆ ಅವರೇ, ನಿಮ್ಮ ಅನುಮಾನಕ್ಕೆ ಸಾವಿರದ ಆರುನೂರು ವರ್ಷ ವಯಸ್ಸಾಗಿದೆ, ಅದೂ ಸಭೆಯ ಒಳಗೇ. ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್ ತನ್ನ "ಅರಿಕೆಗಳು" (Confessions) ಪುಸ್ತಕದ ಹತ್ತನೇ ಭಾಗದಲ್ಲಿ, ಹಾಡಿನ ಅರ್ಥಕ್ಕಿಂತ ಹಾಡುವ ಇಂಪೇ ನನ್ನನ್ನು ಹೆಚ್ಚು ಅಲ್ಲಾಡಿಸಿದಾಗ ಪಾಪ ಮಾಡಿದೆ ಅನ್ನಿಸುತ್ತೆ, ಆಗ ಹಾಡು ಕೇಳದೆ ಇದ್ದಿದ್ದರೇ ಚೆನ್ನಾಗಿತ್ತು ಅಂತ ಬರೆದುಕೊಂಡಿದ್ದಾನೆ. ಮಜಾ ಏನಂದ್ರೆ ಅದೇ ಮನುಷ್ಯ ಕೀರ್ತನೆ 33ನ್ನು ವಿವರಿಸುವಾಗ ಪೂರಾ ಬೇರೆ ದನಿಯಲ್ಲಿ ಮಾತಾಡ್ತಾನೆ. ಪೈರು ಕೊಯ್ಯುವವರು, ದ್ರಾಕ್ಷಿ ತೋಟದಲ್ಲಿ ದುಡಿಯುವವರು ಮೊದಲು ಪದಗಳಿಟ್ಟು ಹಾಡ್ತಾರೆ. ಸಂತೋಷ ಹೆಚ್ಚಾದಾಗ ಪದಗಳು ಸಾಲದೆ ಬರೀ ದನಿ ಎತ್ತುತ್ತಾರೆ. ಮಾತಿಗೆ ನಿಲುಕದ ದೇವರನ್ನು ಹಾಗಲ್ಲದೆ ಇನ್ನು ಹೇಗೆ ಹಾಡೋದು ಅಂತ ಕೇಳ್ತಾನೆ. ಒಬ್ಬನೇ ಮನುಷ್ಯನ ಒಳಗೆ ಆ ಹೆದರಿಕೆಯೂ ಇತ್ತು, ಈ ಉಕ್ಕೂ ಇತ್ತು.

ಹೆದರಿಕೆಯನ್ನೇ ಕೊನೆಯವರೆಗೆ ಒಯ್ದವನು ಜ್ಯೂರಿಕ್‌ನ ಸುಧಾರಕ ಜ್ವಿಂಗ್ಲಿ. ಹಲವು ವಾದ್ಯ ನುಡಿಸಬಲ್ಲವನಾಗಿದ್ದರೂ 1520ರ ದಶಕದಲ್ಲಿ ಆರಾಧನೆಯಿಂದ ಸಂಗೀತವನ್ನೇ ತೆಗೆದ. ಆ ಊರಿನ ಆರಾಧನೆಗೆ ಹಾಡು ಮತ್ತೆ ಬಂದದ್ದು 1598ರಲ್ಲಿ. ಏಳು ದಶಕ ತಡೆದರೂ ಬಂತಲ್ಲ ಅನ್ನೋದು ನನ್ನ ಚಿಕ್ಕ ಕುಚೋದ್ಯ.

ಸೌಂಡ್ ಸಿಸ್ಟಮ್ ವಿಷಯಕ್ಕೆ ಬಂದರೆ, ಕ್ರೈಸ್ತರು ಹಾಡ್ತಿದ್ದರು ಅನ್ನೋದಕ್ಕೆ ಹೊರಗಿನವರ ತೀರಾ ಹಳೆಯ ಸಾಕ್ಷಿಗಳಲ್ಲಿ ಒಂದು ರೋಮನ್ ಅಧಿಕಾರಿ ಪ್ಲಿನಿಯ ಪತ್ರ. ಬಿಥೂನಿಯದ (ಈಗಿನ ತುರ್ಕಿಯ ಉತ್ತರ ಭಾಗ) ಅಧಿಪತಿಯಾಗಿದ್ದಾಗ, ಕ್ರಿ.ಶ. 112ರ ಸುಮಾರಿಗೆ, ಚಕ್ರವರ್ತಿ ಟ್ರಾಜಾನನಿಗೆ ಬರೆದದ್ದು. ಗೊತ್ತುಪಡಿಸಿದ ಒಂದು ದಿನ ಬೆಳಕು ಹರಿಯುವ ಮುಂಚೆ ಸೇರಿ, ಕ್ರಿಸ್ತನು ದೇವರೆಂಬಂತೆ ಒಬ್ಬರಿಗೊಬ್ಬರು ಸರದಿಯಲ್ಲಿ ಹಾಡು ಹೇಳ್ತಾರೆ ಅಂತ ವರದಿ. ಇವನು ಹಟ ಬಿಡದ ಕ್ರೈಸ್ತರನ್ನು ಕೊಲ್ಲಿಸುತ್ತಿದ್ದ ಅಧಿಕಾರಿ. ಕತ್ತಲಲ್ಲಿ, ಸಿಕ್ಕಿಬಿದ್ದರೆ ತಲೆ ಹೋಗುತ್ತೆ ಅಂತ ಗೊತ್ತಿದ್ದೂ ಹಾಡಿದವರನ್ನು ಡ್ರಮ್ಸ್ ಕುಣಿಸಿತು ಅನ್ನೋಕಾಗಲ್ಲ.

ಪ್ರಶ್ನೆ ಚಿಹ್ನೆ:
ಅದು ಸರಿಯಾದ ಏಟು. ಒಪ್ಪಿದೆ. ಆದರೆ ಎಲ್ಲ ಧರ್ಮದವರೂ ಅಪಾಯದಲ್ಲಿ ಹಾಡಿದ್ದಾರೆ.

ಹಿಂದಿನ ಬೆಂಚು:
ನಾನು ಕಥೋಲಿಕ, ಬಲಿಪೂಜೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಬಾಯಿ ಬಿಡದವನು. ಮೊದಲಿಂದಲೂ ಹಾಗೇ. ಹೆಂಡತಿ ತೀರಿಕೊಂಡ ಮೇಲಂತೂ ಸಂತೋಷದ ಹಾಡು ಶುರುವಾದರೆ ಕಾಲ ಕೆಳಗಿನ ನೆಲ ನೋಡ್ತಾ ಕೂರ್ತೀನಿ. ತಡೆಯಲಾಗದ ಸ್ತುತಿ ಇದ್ದರೇನೇ ವಿಶ್ವಾಸ ಅನ್ನೋದಾದರೆ ನನ್ನಂಥವರ ಲೆಕ್ಕ ಎಲ್ಲಿ?

ಜಯಘೋಷ:
ಸಹೋದರರೇ, ಧೈರ್ಯವಾಗಿರಿ! ಸ್ತುತಿಯೇ ನಮ್ಮ ಆಯುಧ. ಯೆಹೂದದ ಅರಸ ಯೆಹೋಷಾಫಾಟನು ಸೈನ್ಯದ ಮುಂದೆ ಹಾಡುವವರನ್ನು ನಿಲ್ಲಿಸಿದ, ಅವರು ಹಾಡಲು ತೊಡಗಿದ ಕೂಡಲೆ ಶತ್ರುಗಳು ತಮ್ಮತಮ್ಮಲ್ಲೇ ಹೊಡೆದಾಡಿ ಸತ್ತರು (2 ಪೂರ್ವಕಾಲವೃತ್ತಾಂತ 20). ಪೌಲ ಸೀಲರು ಮಧ್ಯರಾತ್ರಿ ಹಾಡಿದಾಗ ಫಿಲಿಪ್ಪಿ ಊರಿನ ಸೆರೆಮನೆಯ ಬಾಗಿಲುಗಳೆಲ್ಲ ತೆರೆದವು (ಅ. ಕೃತ್ಯಗಳು 16). ಹಿಂದಿನ ಬೆಂಚು ಸಹೋದರರು ಬಾಯಿ ತೆರೆದು ಸ್ತುತಿಸಲಿ, ದುಃಖದ ಬಾಗಿಲು ತಾನಾಗಿ ತೆರೆಯುತ್ತೆ. ಹಲ್ಲೆಲೂಯಾ!

ಸಂಡೆ ಸ್ಕೂಲ್ ಟೀಚರ್:
ಜಯಘೋಷ ಬ್ರದರ್, ಪ್ರೀತಿಯಿಂದಲೇ ಹೇಳ್ತೀನಿ, ಸ್ವಲ್ಪ ನಿಲ್ಲಿ. ಅ. ಕೃತ್ಯಗಳು 16ಕ್ಕೆ ಮುಂಚೆ 12ನೇ ಅಧ್ಯಾಯವೂ ಇದೆ. ಅಲ್ಲಿ ಪೇತ್ರ ಇಬ್ಬರು ಸಿಪಾಯಿಗಳ ನಡುವೆ ಎರಡು ಸರಪಣಿಯಲ್ಲಿ ಬಿದ್ದಿದ್ದಾನೆ. ಹಾಡ್ತಾ ಇದ್ನಾ? ಇಲ್ಲ, ಗಾಢ ನಿದ್ದೆ. ದೇವದೂತ ಪಕ್ಕೆ ತಟ್ಟಿ ಎಬ್ಬಿಸಬೇಕಾಯ್ತು. ಅವನಿಗೂ ಬಾಗಿಲು ತೆರೆಯಿತು. ಅದೇ ಅಧ್ಯಾಯದ ಎರಡನೇ ವಚನದಲ್ಲಿ ಯೋಹಾನನ ಅಣ್ಣ ಯಾಕೋಬನನ್ನು ಹೆರೋದ ಕತ್ತಿಯಿಂದ ಕೊಲ್ಲಿಸಿದ. ಅವನಿಗೆ ಯಾವ ಬಾಗಿಲೂ ತೆರೆಯಲಿಲ್ಲ. ಅವನು ಸ್ತುತಿಸಲಿಲ್ಲ ಅನ್ನೋಕೆ ನಮಗೇನು ಅಧಿಕಾರ?

ಫಿಲಿಪ್ಪಿಯಲ್ಲೂ ನೋಡಿ. ಬಟ್ಟೆ ಹರಿದು ಬಹಳ ಪೆಟ್ಟು ಹೊಡೆಸಿದ್ದಾರೆ, ಗಾಯ ತೊಳೆದವರಿಲ್ಲ, ಕಾಲಿಗೆ ಕೋಳ ಬಿದ್ದಿದೆ. ಆ ಸ್ಥಿತಿಯಲ್ಲಿ ಪ್ರಾರ್ಥಿಸಿ ಹಾಡಿದರು, ಉಳಿದ ಸೆರೆಯವರು ಕಿವಿಗೊಟ್ಟು ಕೇಳ್ತಿದ್ದರು. ಭೂಕಂಪವಾಗಿ ಬಾಗಿಲು ತೆರೆದಾಗ ಅವರು ಓಡಿಹೋದರಾ? ಅಲ್ಲೇ ಇದ್ದರು! ಹೊರಗೆ ಹೋಗೋಕೆ ಅಂತ ಹಾಡಿದ್ದರೆ ಬಾಗಿಲು ತೆರೆದ ಮೇಲೆ ಒಳಗೆ ಕೂರ್ತಿರಲಿಲ್ಲ. ಸ್ತುತಿಯನ್ನು ಬೀಗದ ಕೈ ಮಾಡಿಕೊಂಡರೆ, ಬಾಗಿಲು ತೆರೆಯದೆ ಹೋದವರನ್ನೆಲ್ಲ ನೀವು ಸರಿಯಾಗಿ ಹಾಡಲಿಲ್ಲ ಅಂತ ಚುಚ್ಚಿದ ಹಾಗಾಗುತ್ತೆ. ಹೆಂಡತಿಯನ್ನು ಕಳಕೊಂಡವರ ಮುಂದೆ ಹೀಗೆ ಮಾತಾಡಬಾರದು.

ಜಯಘೋಷ:
ನೋಯಿಸುವ ಉದ್ದೇಶ ನನಗಿರಲಿಲ್ಲ. ಆದರೂ ಯೆಹೋಷಾಫಾಟನ ಅಧ್ಯಾಯ ದೇವರ ವಾಕ್ಯದಲ್ಲೇ ಇದೆಯಲ್ಲ ಸಿಸ್ಟರ್.

ಸಂಡೆ ಸ್ಕೂಲ್ ಟೀಚರ್:
ಇದೆ ಬ್ರದರ್. ಆದರೆ ಅಲ್ಲಿ ಯುದ್ಧ ನಿಮ್ಮದಲ್ಲ ದೇವರದು ಅನ್ನೋ ವಾಗ್ದಾನ ಮೊದಲು ಬಂತು (15ನೇ ವಚನ), ಹಾಡು ಅದಾದ ಮೇಲೆ. ಕೇಳಿದ್ದನ್ನು ನಂಬಿ ಹಾಡಿದರು. ಇದು ಸಂಜೆ ಓದುಗ ಅವರ ಪ್ರಶ್ನೆಗೂ ಬೇಕಾಗುತ್ತೆ, ನಾಳೆ ಉದ್ದಕ್ಕೆ ಬರೀತೀನಿ, ಈಗ ಮಕ್ಕಳ ಉತ್ತರಪತ್ರಿಕೆ ರಾಶಿ ಬಿದ್ದಿದೆ.

ಇತಿಹಾಸದ ಹುಳ:
ಹಿಂದಿನ ಬೆಂಚು ಅವರಿಗೆ ಒಂದು ಮಾತು. ದಾವೀದ ಮಂಜೂಷದ ಮುಂದೆ ತನ್ನ ಪೂರ್ಣಬಲದಿಂದ ಕುಣಿದ, ಅವನ ಹೆಂಡತಿ, ಸೌಲ ರಾಜನ ಮಗಳು ಮೀಕಲಳು ಕಿಟಕಿಯಿಂದ ನೋಡಿ ತಿರಸ್ಕರಿಸಿದಳು (2 ಸಮುವೇಲ 6). ನಮ್ಮ ಪ್ರಸಂಗಗಳಲ್ಲಿ ಆಕೆ ಯಾವಾಗಲೂ ಸ್ತುತಿಗೆ ಅಡ್ಡಬಂದ ಒಣ ಹೆಂಗಸು. ಮೂರೇ ಅಧ್ಯಾಯ ಹಿಂದಕ್ಕೆ ಹೋಗಿ. ಆಕೆಯನ್ನು ಎರಡನೇ ಗಂಡ ಪಲ್ಟೀಯೇಲನಿಂದ ಕಿತ್ತು ತರುವಾಗ ಅವನು ದಾರಿಯುದ್ದಕ್ಕೂ ಅಳುತ್ತಾ ಹಿಂದೆ ಬಂದ. ಅಪ್ಪ, ಮೂವರು ಅಣ್ಣತಮ್ಮಂದಿರು ಗಿಲ್ಬೋವದ ಯುದ್ಧದಲ್ಲಿ ಸತ್ತಿದ್ದರು. ಆ ದಿನ ಕಿಟಕಿಯಲ್ಲಿ ನಿಂತವಳ ಒಳಗೆ ಏನೇನಿತ್ತೋ. ಅವಳು ಆಡಿದ ಮಾತು ಸರಿ ಅಂತಲ್ಲ. ಕುಣಿಯಲಾರದವರನ್ನು ಕಂಡ ಕೂಡಲೆ ಮೀಕಲಳು ಅಂತ ಹಣೆಪಟ್ಟಿ ಹಚ್ಚುವ ಅಭ್ಯಾಸ ನಮ್ಮಲ್ಲಿದೆ, ಅದು ಹೋಗಬೇಕು.

ರಾತ್ರಿ ಪಾಳಿ:
ಓದ್ತಾ ಇದ್ದೆ, ಸುಮ್ಮನಿರೋಕಾಗಲಿಲ್ಲ. ನಾನು ನರ್ಸ್, ಪಾರ್ಶ್ವವಾಯು ಆದವರ ವಾರ್ಡ್. ಎಡಮೆದುಳಿಗೆ ಪೆಟ್ಟು ಬಿದ್ದು ಮಾತು ಹೋದ ಒಬ್ಬ ಹಿರಿಯರಿದ್ದರು. "ನೀರು" ಅನ್ನೋಕೆ ಬಾಯಿ ತಿರುಗದು. ನೀ ನೀ ಅಂತ ತಡವರಿಸಿ, ಬೆವತು, ಕೊನೆಗೆ ಲೋಟ ತೋರಿಸೋರು. ಒಂದು ರಾತ್ರಿ ಡ್ರಿಪ್ ಬದಲಾಯಿಸುವಾಗ ನಾನು ನನ್ನಷ್ಟಕ್ಕೆ ಒಂದು ಸ್ತುತಿಗೀತೆ ಗುನುಗ್ತಿದ್ದೆ. ಎರಡನೇ ಸಾಲು ಅವರ ಬಾಯಿಂದ ಬಂತು. ಇಡೀ ಸಾಲು, ಒಂದು ಅಕ್ಷರ ತಪ್ಪದೆ, ಸ್ವರದ ಸಮೇತ. ಡ್ರಿಪ್ ಹಾಕದ ಕೈಯ ಬೆರಳು ಮಂಚದ ಕಂಬಿ ಮೇಲೆ ತಾಳ ಹಾಕ್ತಿತ್ತು. ಹಾಡು ಮುಗಿದ ಮೇಲೆ ಮತ್ತೆ ನೀರು ಅನ್ನೋಕೆ ಹೋದರು, ಬರಲಿಲ್ಲ.

ತಡೆಯಲಾಗದ್ದು ಅಂದಾಗ ನನಗೆ ಅದೇ ಕಣ್ಮುಂದೆ ಬರುತ್ತೆ.

ಪ್ರಶ್ನೆ ಚಿಹ್ನೆ:
ಸಿಸ್ಟರ್, ಓದಿ ನನಗೂ ಗಂಟಲು ಕಟ್ಟಿತು. ಆದರೆ ಅದು ಮೆದುಳಿನ ವಿಷಯ. ಮಾತಿನ ಜಾಗ ಎಡಭಾಗದಲ್ಲಿ ಕೆಟ್ಟರೂ ಹಾಡಿಗೆ ಬಲಭಾಗ ಒದಗಿ ಬರುತ್ತೆ ಅಂತಾರೆ. ಇದನ್ನೇ ಹಿಡಿದು ಸ್ವರದ ಮೂಲಕ ಮಾತು ಕಲಿಸುವ ಚಿಕಿತ್ಸೆಯನ್ನು 1973ರಲ್ಲೇ ರೂಪಿಸಿದ್ದಾರೆ. ಅವರಿಗೆ ಸಿನಿಮಾ ಹಾಡು ಬಾಯಿಪಾಠ ಇದ್ದಿದ್ದರೆ ಅದೂ ಹಾಗೇ ಬರ್ತಿತ್ತು.

ರಾತ್ರಿ ಪಾಳಿ:
ಬರ್ತಿತ್ತು ಅಣ್ಣ, ನನಗೂ ಗೊತ್ತು. ಆ ವಾರ್ಡಿನಲ್ಲಿ ಸಿನಿಮಾ ಹಾಡು ಹಾಡಿದವರೂ ಇದ್ದಾರೆ, ಬೈಗುಳ ಮಾತ್ರ ನಿರರ್ಗಳವಾಗಿ ಬರ್ತಿದ್ದವರೂ ಇದ್ದಾರೆ. ಎಲ್ಲ ಸೋರಿಹೋದ ಮೇಲೂ ಉಳಿಯುವುದು ಯಾವುದು ಅನ್ನೋದು ಮೆದುಳಿನ ಕೆಲಸ ಇರಬಹುದು. ಅಲ್ಲಿಗೆ ಏನನ್ನು ತುಂಬಿಟ್ಟಿದ್ದರು ಅನ್ನೋದು ಆ ಮನುಷ್ಯನ ಎಪ್ಪತ್ತು ವರ್ಷದ ಬದುಕು.

ನಿರ್ವಾಹಕ:
ಸಭೆ ಸಭೆಗಳ ನಡುವಿನ ಜಗಳದ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಚಪ್ಪಾಳೆ ತಟ್ಟುವವರು ಹೆಚ್ಚೋ ಮೊಣಕಾಲೂರುವವರು ಹೆಚ್ಚೋ ಅನ್ನೋ ಸ್ಪರ್ಧೆ ಇಲ್ಲಿ ಬೇಡ.

ಸಂಡೆ ಸ್ಕೂಲ್ ಟೀಚರ್:
ನಿನ್ನೆ ಹೇಳಿದ ಹಾಗೆ ಬಂದೆ. ರಾತ್ರಿ ಪಾಳಿ ಸಿಸ್ಟರ್ ನನ್ನ ಅರ್ಧ ಕೆಲಸ ಮಾಡಿಟ್ಟಿದ್ದಾರೆ.

ಸಂಜೆ ಓದುಗ ಅವರೇ, ಕೀರ್ತನೆ 117 ಓದಿ. ಇಡೀ ಸಂಗ್ರಹದಲ್ಲೇ ಚಿಕ್ಕದು, ಎರಡೇ ವಚನ. ಮೊದಲನೆಯದು ಎಲ್ಲಾ ಜನಾಂಗಗಳೇ ಸ್ತುತಿಸಿರಿ ಅನ್ನೋ ಆಜ್ಞೆ. ಎರಡನೆಯದು ಯಾಕೆ ಅನ್ನೋದು: ಆತನ ಕೃಪೆ ನಮ್ಮ ಮೇಲೆ ದೊಡ್ಡದಾಗಿದೆ, ಆತನ ಸತ್ಯತೆ ನಿರಂತರ. ಹೊಗಳಿಕೆಯ ಕೀರ್ತನೆಗಳಲ್ಲಿ ಮತ್ತೆ ಮತ್ತೆ ಇದೇ ಜೋಡಿ, ಅಪ್ಪಣೆಯ ಬೆನ್ನಿಗೇ ಕಾರಣ. ಸಂತೋಷಪಡು ಅಂತ ಅಪ್ಪಣೆ ಕೊಟ್ಟರೆ ಯಾರಿಗೂ ಸಂತೋಷ ಬರಲ್ಲ, ಅದು ಕೀರ್ತನೆ ಬರೆದವರಿಗೂ ಗೊತ್ತಿತ್ತು. ಆದರೆ ನೆನಪುಮಾಡಿಕೋ ಅಂತ ಹೇಳಿದರೆ ಮಾಡಬಹುದು. 103ರಲ್ಲಿ ದಾವೀದ ಆಜ್ಞೆ ಕೊಡ್ತಿರೋದು ತನಗೇ: "ನನ್ನ ಮನವೇ, ಯೆಹೋವನನ್ನು ಕೊಂಡಾಡು, ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ." ಆಮೇಲೆ ಒಂದೊಂದಾಗಿ ಎಣಿಸ್ತಾನೆ. ಕ್ಷಮಿಸಿದ್ದು, ವಾಸಿಮಾಡಿದ್ದು, ನಾಶದಿಂದ ತಪ್ಪಿಸಿದ್ದು. ಎಣಿಕೆ ಮುಂದುವರಿದ ಹಾಗೆ ದನಿ ಏರುತ್ತೆ, ತನ್ನೊಬ್ಬನ ಬಾಯಿ ಸಾಲದು ಅನ್ನಿಸಿ ಕೊನೆಗೆ ದೇವದೂತರನ್ನೂ ಸಮಸ್ತ ಸೃಷ್ಟಿಯನ್ನೂ ಕರೀತಾನೆ. ಶುರುವಿಗೆ ತನ್ನನ್ನೇ ಎಬ್ಬಿಸಬೇಕಾಗಿದ್ದವನನ್ನು ಕೊನೆಯಲ್ಲಿ ಯಾರೂ ನಿಲ್ಲಿಸೋಕಾಗಲ್ಲ. ನನ್ನ ಪ್ರಕಾರ ಆಜ್ಞೆ ಇರೋದು ನಮ್ಮ ಮರೆವಿಗೆ. ನೆನಪು ಸರಿಯಾಗಿ ತಟ್ಟಿತು ಅಂದ್ರೆ ಮುಂದಿನದಕ್ಕೆ ಅಪ್ಪಣೆ ಬೇಕಾಗಲ್ಲ.

ಆ ಒಂಬತ್ತು ಮಂದಿ ಕೆಟ್ಟವರು ಅಂತ ನನಗನ್ನಿಸಲ್ಲ. ಹೋಗಿ ಯಾಜಕರಿಗೆ ತೋರಿಸಿಕೊಳ್ಳಿ ಅಂತ ಹೇಳಿದ್ದೇ ಯೇಸು, ಅವರು ಹೇಳಿದ್ದನ್ನೇ ಮಾಡಿದರು! ಯಾಜಕ ಶುದ್ಧ ಅಂತ ಹೇಳಿದರೆ ತಾನೇ ಮನೆಗೆ ಹೋಗೋಕೆ, ಹೆಂಡತಿ ಮಕ್ಕಳನ್ನು ಮುಟ್ಟೋಕೆ ಸಾಧ್ಯ. ಅವರ ಕಣ್ಣು ಮುಂದಿನ ಕೆಲಸದ ಮೇಲೆ. ಆ ಒಬ್ಬ ಮಾತ್ರ "ತನಗೆ ಸ್ವಸ್ಥವಾದದ್ದನ್ನು ನೋಡಿ" ತಿರುಗಿದ ಅಂತಾನೆ ಲೂಕ. ನೋಡಿದ, ನಿಂತ. ಅವನು ನಿಂತದ್ದೇ ದೊಡ್ಡದು.

ಸಂಜೆ ಓದುಗ:
ಟೀಚರ್, ಇದು ನನಗೆ ಹೊಳೆದೇ ಇರಲಿಲ್ಲ. ಆದರೆ ಹಿಂದಿನ ಬೆಂಚು ಅವರ ಪ್ರಶ್ನೆ ಹಾಗೇ ಉಳೀತಲ್ಲ? ಅವರಿಗೆ ನೆನಪಾದರೆ ಬರೋದು ಹಾಡಲ್ಲ, ಅಳು.

ಇತಿಹಾಸದ ಹುಳ:
ಅಳುವಿಗೂ ಅಲ್ಲಿ ಜಾಗ ಇದೆ. ಸುಮಾರು ಮೂರನೇ ಒಂದು ಭಾಗ ಕೀರ್ತನೆಗಳು ಗೋಳಾಟದವು. 88ರ ಕೊನೆಯ ಮಾತೇ ಕತ್ತಲೆ, ಆಮೇಲೆ ಹಲ್ಲೆಲೂಯಾ ಇಲ್ಲ. ಅದನ್ನೂ ಆರಾಧನೆಯಲ್ಲಿ ಹಾಡೋಕೆ ಅಂತಲೇ ಇಟ್ಟುಕೊಂಡರು. ಎಜ್ರ 3ರಲ್ಲಿ ದೇವಾಲಯದ ಅಸ್ತಿವಾರ ಹಾಕಿದಾಗ ಹಳೆಯ ಆಲಯ ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರು, ಉಳಿದವರು ಹರ್ಷದಿಂದ ಆರ್ಭಟಿಸಿದರು. ಯಾವುದು ಅಳು, ಯಾವುದು ಹರ್ಷ ಅಂತ ಜನರಿಗೆ ಗುರುತಿಸೋಕೆ ಆಗಲಿಲ್ಲ, ಶಬ್ದ ಬಹುದೂರ ಕೇಳಿಸಿತು. ಆ ಮುದುಕರನ್ನು ಯಾರೂ ಹೊರಗೆ ಕಳಿಸಲಿಲ್ಲ.

ಇನ್ನೊಂದು. ಕಡೆಯ ರಾತ್ರಿ ಭೋಜನ ಆದ ಮೇಲೆ ಕೀರ್ತನೆ ಹಾಡಿ ಎಣ್ಣೇಮರಗಳ ಗುಡ್ಡಕ್ಕೆ ಹೋದರು ಅಂತ ಮತ್ತಾಯ 26:30. ಪಸ್ಕದ ಊಟಕ್ಕೆ 113ರಿಂದ 118ರವರೆಗಿನ ಕೀರ್ತನೆ ಹಾಡುವುದು ಯೆಹೂದ್ಯರ ರೂಢಿ, ಆದ್ದರಿಂದ ಹಾಡಿದ್ದು ಅವನ್ನೇ ಅಂತ ಅನೇಕ ಪಂಡಿತರು ಹೇಳ್ತಾರೆ. ಹಾಗಿದ್ದರೆ ಯೇಸು ಗೆತ್ಸೇಮನೆಗೆ ಹೊರಟಿದ್ದು, ಇದು ಯೆಹೋವನು ನೇಮಿಸಿದ ದಿನ, ಇದರಲ್ಲಿ ಆನಂದಿಸೋಣ ಅನ್ನೋ ಸಾಲು ಹಾಡಿಕೊಂಡು. ಸ್ವಲ್ಪ ಹೊತ್ತಿಗೆ, ನನ್ನ ಪ್ರಾಣ ಸಾಯುವಷ್ಟು ದುಃಖಕ್ಕೆ ಒಳಗಾಗಿದೆ ಅಂದಿದ್ದೂ ಅದೇ ಬಾಯಿ.

ಹಿಂದಿನ ಬೆಂಚು:
ಎಜ್ರನ ಮುದುಕರ ವಿಷಯ ಗೊತ್ತಿರಲಿಲ್ಲ. ಉಪಕಾರ ಆಯ್ತು.

ಒಂದು ನನ್ನ ಕಡೆಯಿಂದ. ಸಂತ ಲೂಕರ ಮೊದಲ ಅಧ್ಯಾಯದ ಜಕರೀಯ ನನಗೆ ಆಪ್ತ. ದೂತನ ಮಾತು ನಂಬದೆ ಮೂಕನಾದ. ಮರಿಯಮ್ಮನವರು ಆ ಮನೆಗೇ ಬಂದು, ನನ್ನ ಪ್ರಾಣವು ಪ್ರಭುವನ್ನು ಕೊಂಡಾಡುತ್ತದೆ ಅಂತ ಹಾಡಿದರು, ಸುಮಾರು ಮೂರು ತಿಂಗಳು ಅಲ್ಲೇ ಇದ್ದರು. ಸುತ್ತ ಅಷ್ಟು ಸಂತೋಷ, ಮನೆಯ ಯಜಮಾನನಿಗೆ ಮಾತ್ರ ದನಿ ಇಲ್ಲ. ಮಗು ಹುಟ್ಟಿ ಎಂಟನೇ ದಿನ ಹಲಗೆ ಮೇಲೆ ಯೋಹಾನ ಅಂತ ಬರೆದ ಕೂಡಲೆ ಬಾಯಿ ತೆರೆಯಿತು, ಬಂದ ಮೊದಲ ಮಾತೇ ದೇವಸ್ತುತಿ. ಅಷ್ಟು ತಿಂಗಳೂ ಅದು ಒಳಗೇ ಇತ್ತೇನೋ. ನಾನು ಸದ್ಯಕ್ಕೆ ಹಲಗೆ ಹಿಡಿದವನು ಅಂದುಕೊಳ್ಳಿ.

ಜಯಘೋಷ:
ಸಹೋದರರೇ, ನಿಮಗಾಗಿ ಪ್ರಾರ್ಥಿಸ್ತೀನಿ. ಬಾಗಿಲಿನ ಮಾತು ಎತ್ತಲ್ಲ.

ಕೀಬೋರ್ಡ್ ಮೂಲೆ:
ಎಲ್ಲ ಓದಿದ ಮೇಲೆ ಈ ಭಾನುವಾರ "ಇನ್ನೂ ಜೋರಾಗಿ" ಬಿಟ್ಟು ನೋಡೋಣ ಅನ್ಕೊಂಡಿದ್ದೀನಿ. ಮೊದಲ ಹಾಡಿಗೆ ಮುಂಚೆ ಕೀರ್ತನೆ 136 ಓದಿಸ್ತೀನಿ, ಒಬ್ಬರು ವಚನ ಓದೋದು, ಸಭೆಯೆಲ್ಲ "ಆತನ ಕೃಪೆಯು ಶಾಶ್ವತ" ಅನ್ನೋದು. 26 ವಚನ ಉದ್ದ ಆಗುತ್ತೆ ಅಂತ ಪಾಸ್ಟರ್ ಹತ್ತಕ್ಕೆ ಇಳಿಸೋಕೆ ಹೇಳಿದ್ದಾರೆ. ಯಾವ ಹತ್ತು ಇಟ್ಕೊಳ್ಳಲಿ ಟೀಚರ್?

ಸಂಡೆ ಸ್ಕೂಲ್ ಟೀಚರ್:
ಮೊಟಕು ಮಾಡಲೇಬೇಕಾದರೆ ಸೀಹೋನ, ಓಗ ಅನ್ನೋ ಅರಸರ ವಚನಗಳ ಸುತ್ತಮುತ್ತ ಮಾಡಿ. 25ನ್ನು ಮಾತ್ರ ಬಿಡಬೇಡಿ. ಆಕಾಶ, ಸೂರ್ಯ, ಕೆಂಪು ಸಮುದ್ರ, ಫರೋಹ ಎಲ್ಲ ಆದ ಮೇಲೆ ಅದು ಎಲ್ಲ ಜೀವಿಗಳಿಗೂ ಆಹಾರ ಕೊಡ್ತಾನೆ ಅನ್ನೋದಕ್ಕೆ ಇಳಿಯುತ್ತೆ. ಸಮುದ್ರ ಇಬ್ಭಾಗವಾದದ್ದನ್ನು ನಾವ್ಯಾರೂ ಕಂಡಿಲ್ಲ. ಬೆಳಗಿನ ತಿಂಡಿ ತಿಂದು ಬಂದವರು ಎಲ್ಲರೂ ಇರ್ತಾರೆ. ಓದುವವರಿಗೆ ಅಲ್ಲಿ ಸ್ವಲ್ಪ ನಿಧಾನ ಮಾಡೋಕೆ ಹೇಳಿ.

ಪ್ರಶ್ನೆ ಚಿಹ್ನೆ:
ಕೀಬೋರ್ಡ್ ಅಣ್ಣ, ಡ್ರಮ್ಸ್ ಇರುತ್ತಾ?

ಕೀಬೋರ್ಡ್ ಮೂಲೆ:
ಇರುತ್ತೆ. ಕೀರ್ತನೆ 150ರಲ್ಲಿ ತಾಳವೂ ಇದೆ, ಝಲ್ಲರಿಯೂ ಇದೆ, ನಾನೇನು ಮಾಡ್ಲಿ! ಆದರೆ ಓದುವಾಗ ಇರಲ್ಲ. ಬರೋದಾದ್ರೆ ಹೇಳಿ, ಸ್ಪೀಕರ್‌ನಿಂದ ದೂರ ಒಂದು ಕುರ್ಚಿ ಹಾಕಿಸ್ತೀನಿ.